ವಾಪಸ್ಸು ಬರುವ ಪೇಟ

ನಮ್ಮ ಮನೆಯ ಅಟ್ಟದ ಮೇಲೆ ಒಂದು ಮೈಸೂರು ಪೇಟ ಇದೆ. ನನ್ನದಲ್ಲ. ಹಾಗೆ ನೋಡಿದರೆ ಯಾರದೂ ಅಲ್ಲ. ಹೊಳೆನರಸೀಪುರದ ನಮ್ಮ ಸಂಗೀತ ಸಮಿತಿಯವರು ಎಂದೋ ಒಂದು ಸಲ ಕೊಂಡದ್ದು. ಅಲ್ಲಿಂದೀಚೆಗೆ ನಮ್ಮೂರಿನಲ್ಲಿ ಸನ್ಮಾನವಾದವರೆಲ್ಲರ ತಲೆಯ ಮೇಲೂ ಕೂತಿದ್ದು ಇದೇ. ಜರಿ ಮಾಸಿದೆ. ಮೂಗಿನ ಹತ್ತಿರ ತಂದರೆ ಅನೇಕ ಗಣ್ಯರ ಕೊಬ್ಬರಿ ಎಣ್ಣೆಯ ವಾಸನೆ ಒಟ್ಟಿಗೆ ಬರುತ್ತದೆ.

ಹೋದ ವಾರ ಅದನ್ನು ಕೆಳಗಿಳಿಸಿ ಧೂಳು ಹೊಡೆಯುತ್ತಿದ್ದಾಗ ನನ್ನ ಹೆಂಡತಿ ಪದ್ಮ ಕೇಳಿದಳು.

"ಈ ಸಲ ಯಾರಿಗ್ರೀ?"

"ನನಗೆ."

ಅವಳು ಅಡಿಗೆಮನೆಗೆ ಹೋಗಿ ನಕ್ಕಳು. ಎದುರಿಗೇ ನಗಬಹುದಿತ್ತು, ನಲವತ್ತು ವರ್ಷದ ಸಂಸಾರದಲ್ಲಿ ಅಷ್ಟು ಮರ್ಯಾದೆ ಉಳಿಸಿಕೊಂಡಿದ್ದಾಳೆ.

ಸಮಿತಿಯ ಈಗಿನ ಅಧ್ಯಕ್ಷ ಯೋಗೀಶ, ಗೊಬ್ಬರದ ಅಂಗಡಿಯವನು, ನಮ್ಮಲ್ಲಿಗೆ ಬಂದು ಹೇಳಿಹೋಗಿದ್ದ: "ಸಾರ್, ಇಷ್ಟು ವರ್ಷ ಕಾರ್ಯದರ್ಶಿ ಆಗಿದ್ದೀರ. ಭಾನುವಾರ ನಿಮಗೊಂದು ಸನ್ಮಾನ ಇಟ್ಕೊಂಡಿದ್ದೀವಿ. ಪೇಟ ಹೆಂಗಿದ್ರೂ ನಿಮ್ಮನೇಲೇ ಐತೆ. ಬಿನ್ನವತ್ತಳೆ ಮಾತ್ರ ನೀವೇ ಬರ್ಕೊಂಬಿಡಿ. ಓಲಗಕ್ಕೆ ಅರಕಲಗೂಡಿನ ಚೆಲುವಯ್ಯಂಗೆ ಹೇಳಾಗೈತೆ."

ಚೆಲುವಯ್ಯನ ಹೆಸರು ಕೇಳಿದ್ದೇ ನನ್ನ ಸನ್ಮಾನದ ಆಸೆ ಇಳಿದುಹೋಯಿತು. ಯಾಕೆ ಎಂದು ಹೇಳುವುದಕ್ಕೇ ಈ ಬರಹ. ಆದರೆ ನೇರವಾಗಿ ಹೇಳುವ ಧೈರ್ಯ ಇನ್ನೂ ಬಂದಿಲ್ಲ, ಸ್ವಲ್ಪ ಸುತ್ತಿಕೊಂಡು ಬರುತ್ತೇನೆ. ಸಹಿಸಿಕೊಳ್ಳಿ.

ನಾನು ಹುಟ್ಟು ಅನುಮಾನದವನು. ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸದೆ ಕೊಂಡವನಲ್ಲ. ಕಾಫಿಪುಡಿ ಅಂಗಡಿಯಲ್ಲಿ ಬೀಜ ಪುಡಿಯಾಗಿ ಹೊರಗೆ ಬರುವವರೆಗೂ ಯಂತ್ರದ ಮುಂದೆ ನಿಂತಿರುತ್ತೇನೆ. ಮೊಬೈಲಿನಲ್ಲಿ ಗುರುತಿಲ್ಲದ ನಂಬರು ಬಂದರೆ ಎತ್ತುವುದಿಲ್ಲ. ಹೀಗೆ ನನ್ನ ಸ್ವಂತ ಭಾವಮೈದುನನ ಗೃಹಪ್ರವೇಶ ತಪ್ಪಿಸಿಕೊಂಡಿದ್ದೇನೆ. ಓದಿದ್ದು ಎಸ್ಸೆಸ್ಸೆಲ್ಸಿ, ಜೊತೆಗೆ ಇಂಗ್ಲಿಷ್ ಟೈಪಿಂಗು. ಬಸ್ ನಿಲ್ದಾಣದ ಹತ್ತಿರ ಟೈಪಿಂಗ್ ಇನ್‌ಸ್ಟಿಟ್ಯೂಟ್ ಇಟ್ಟಿದ್ದೆ. ಈಗ ಅದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿಯ ಅಂಗಡಿ. ಊರಿನ ಅರ್ಜಿ, ತಕರಾರು, ಬಿನ್ನವತ್ತಳೆ ಎಲ್ಲ ನನ್ನ ಬೆರಳುಗಳಿಂದಲೇ ಹೋಗಿವೆ.

ಬಿನ್ನವತ್ತಳೆಯ ಗುಟ್ಟು ಹೇಳಿಬಿಡುತ್ತೇನೆ. ನನ್ನ ಹತ್ತಿರ ಇದ್ದದ್ದು ಒಂದೇ. "ನಾದಲೋಕದ ಧ್ರುವತಾರೆಯೇ, ಸರಳ ಸಜ್ಜನಿಕೆಯ ಸಾಕಾರಮೂರ್ತಿಯೇ" ಎಂದು ಶುರುವಾಗಿ "ಚಿರಕಾಲ ಬಾಳಿ" ಎಂದು ಮುಗಿಯುತ್ತಿತ್ತು. ಹೆಸರಿನ ಜಾಗ ಖಾಲಿ. ಯಾರು ಬಂದರೆ ಅವರ ಹೆಸರು ತುಂಬಿ, ಚೌಕಟ್ಟು ಹಾಕಿಸಿದರೆ ಕೆಲಸ ಮುಗಿಯಿತು. ಒಮ್ಮೆ ನಿವೃತ್ತರಾದ ದನದ ಡಾಕ್ಟರರಿಗೆ ಸನ್ಮಾನ ಬಂತು. ಅವಸರದಲ್ಲಿ ನಾದ ಎಂಬಲ್ಲಿ ಪಶು ಎಂದು ಬದಲಾಯಿಸಿದೆ. ವೇದಿಕೆಯ ಮೇಲೆ "ಪಶುಲೋಕದ ಧ್ರುವತಾರೆಯೇ" ಎಂದು ಗಟ್ಟಿಯಾಗಿ ಓದಿದಾಗ ಸಭೆಯಲ್ಲಿ ಒಬ್ಬರೂ ನಗಲಿಲ್ಲ. ಯಾರೂ ಕೇಳಿಸಿಕೊಳ್ಳುವುದಿಲ್ಲ ಎಂದು ಅವತ್ತು ನನಗೆ ಖಾತ್ರಿಯಾಯಿತು.

ಪೇಟವೂ ಅಷ್ಟೆ. ತೊಡಿಸುವುದು, ಫೋಟೋ ಹೊಡೆಸುವುದು, ವಂದನಾರ್ಪಣೆಯ ಹೊತ್ತಿಗೆ ನಾನು ಹಿಂದಿನಿಂದ ತಟ್ಟೆ ಹಿಡಿದು ಬಗ್ಗುವುದು, ಪೇಟ ಡಬ್ಬಕ್ಕೆ ವಾಪಸ್ಸು. ಊರಿನವರಿಗೆಲ್ಲ ಈ ಪದ್ಧತಿ ಗೊತ್ತು. ಚನ್ನರಾಯಪಟ್ಟಣದಿಂದ ಬಂದ ಒಬ್ಬ ಹಾಡುಗಾರರಿಗೆ ಗೊತ್ತಿರಲಿಲ್ಲ. ಪೇಟ ಹಾಕಿಕೊಂಡೇ ಬಸ್ ಹತ್ತಿದ್ದರು. ಓಡಿಹೋಗಿ ಕಿಟಕಿಯಲ್ಲಿ ಹಿಡಿದೆ.

"ಸಾರ್, ಪೇಟ..."

"ಕೊಟ್ರಲ್ರೀ ಆಗ?"

"ಕೊಟ್ಟಿದ್ದು ಗೌರವ ಸಾರ್. ಪೇಟ ಸಮಿತಿದು."

ಪಾಪ, ತೆಗೆದು ಕೈಗಿಟ್ಟರು. ಬಸ್ಸಿನವರೆಲ್ಲ ನೋಡುತ್ತಿದ್ದರು. ಅವರ ತಲೆಯ ಸುತ್ತ ಕೆಂಪಗೆ ಪೇಟದ ಅಚ್ಚು ಉಳಿದಿತ್ತು. ಆಗ ನನಗೆ ನಾಚಿಕೆಯಾಗಲಿಲ್ಲ, ಚುರುಕಾಗಿ ಕೆಲಸ ಮಾಡಿದೆ ಎನ್ನಿಸಿತ್ತು.

ಇಂಥವನಿಗೆ ಪ್ರಶಸ್ತಿಗಳ ಮೇಲೆ ನಂಬಿಕೆ ಎಲ್ಲಿಂದ ಬರಬೇಕು? ಅದರಲ್ಲೂ ಅಂತರರಾಷ್ಟ್ರೀಯ ಎಂಬ ಮಾತು ಕಂಡರೆ ನಾನು ಕನ್ನಡಕ ಒರೆಸಿಕೊಳ್ಳುತ್ತೇನೆ. ಭೂಗೋಳದ ಚಿತ್ರವಿರುವ ಲೆಟರ್‌ಹೆಡ್ಡು, ನೋಂದಣಿ ಶುಲ್ಕ ಕಳಿಸಿ ಎನ್ನುವ ಕೊನೆಯ ಸಾಲು, ಬಂದವರಿಗೆಲ್ಲ ಒಂದೊಂದು ಡಾಕ್ಟರೇಟು. ಅಂಥ ಅರ್ಜಿಗಳನ್ನು ಬೇಕಾದಷ್ಟು ಜನಕ್ಕೆ ನಾನೇ ತುಂಬಿಕೊಟ್ಟಿದ್ದೇನೆ. ನಮ್ಮ ಬೀದಿಯ ಸಾಮಿಲ್ ಯಜಮಾನರು ಹಾರ್ಮೋನಿಯಂ ನುಡಿಸಿ ಹಾಗೇ ಅಂತರರಾಷ್ಟ್ರೀಯರಾದರು. ಅವರ ಹಾರ್ಮೋನಿಯಮ್ಮಿಗಿಂತ ಗರಗಸವೇ ಶ್ರುತಿಯಲ್ಲಿತ್ತು.

ಈಗ ಚೆಲುವಯ್ಯನ ವಿಷಯಕ್ಕೆ ಬರಬೇಕು. ತಪ್ಪಿಸಿಕೊಳ್ಳುವಂತಿಲ್ಲ.

ಚೆಲುವಯ್ಯ ನಾಗಸ್ವರದವನು, ನಮ್ಮ ಕಡೆಯ ಮಾತಿನಲ್ಲಿ ಓಲಗದವನು. ನಾಲ್ಕನೇ ಕ್ಲಾಸಿನವರೆಗೆ ನಾವಿಬ್ಬರೂ ಒಂದೇ ಮಣೆಯ ಮೇಲೆ ಕೂತು ಓದಿದವರು. ಆಮೇಲೆ ಅವನು ಅಪ್ಪನ ಜೊತೆ ಶ್ರುತಿ ಹಿಡಿಯಲು ಹೋದ, ನಾನು ಮಿಡ್ಲ್ ಸ್ಕೂಲಿಗೆ ಹೋದೆ. ಅವನ ಅಪ್ಪ ದೇವಸ್ಥಾನದ ಮುಂದೆ ನುಡಿಸುವಾಗ ನಾವು ಹುಡುಗರು ಎದುರಿಗೆ ನಿಂತು ಹುಣಸೆಕಾಯಿ ಚಪ್ಪರಿಸುತ್ತಿದ್ದೆವು. ಅದನ್ನು ನೋಡಿ ಊದುವವರ ಬಾಯಲ್ಲಿ ನೀರೂರಿದರೆ ನಾಗಸ್ವರದ ತುದಿಯ ಪೀಪಿ ಒದ್ದೆಯಾಗಿ ಸ್ವರ ಕೆಡುತ್ತದೆ ಎಂದು ಯಾರೋ ಹೇಳಿಕೊಟ್ಟಿದ್ದರು. ಕೆಡುತ್ತಿತ್ತು ಕೂಡ. ಅವನ ಅಪ್ಪ ಕಣ್ಣು ಮುಚ್ಚಿಕೊಂಡು ನುಡಿಸಲು ನೋಡುತ್ತಿದ್ದರು. ಪಕ್ಕದಲ್ಲಿ ಶ್ರುತಿ ಹಿಡಿದ ಚೆಲುವಯ್ಯ ಮಾತ್ರ ಕಣ್ಣು ಬಿಟ್ಟುಕೊಂಡು ನನ್ನನ್ನೇ ನೋಡುತ್ತಿದ್ದ.

ದೊಡ್ಡವನಾದ ಮೇಲೆ ಮದುವೆಯಾಗಿ ಹೆಂಡತಿಯ ಊರು ಅರಕಲಗೂಡಿಗೆ ಹೋಗಿ ನಿಂತ. ನಮ್ಮ ಸಮಿತಿಯ ಪ್ರತಿ ಸನ್ಮಾನಕ್ಕೂ ಅವನದೇ ಓಲಗ. ಬಾಗಿಲಲ್ಲಿ ನಿಂತು ಗಣ್ಯರನ್ನು ಊದಿ ಒಳಗೆ ಕಳಿಸಿ, ಕಾರ್ಯಕ್ರಮ ಶುರುವಾದ ಮೇಲೆ ಹೊರಗೆ ಚಪ್ಪಲಿಗಳ ಹತ್ತಿರ ಕೂತಿರುತ್ತಿದ್ದ. ಅವನಿಗೂ ಒಂದು ಸನ್ಮಾನ ಮಾಡಬೇಕೆಂದು ಇಷ್ಟು ವರ್ಷಗಳಲ್ಲಿ ಸಮಿತಿಯಲ್ಲಿ ಯಾರಿಗೂ ಹೊಳೆಯಲಿಲ್ಲ. ಕಾರ್ಯದರ್ಶಿಗೂ ಹೊಳೆಯಲಿಲ್ಲ. ಕಾರ್ಯದರ್ಶಿ ನಾನು.

ಎರಡು ವರ್ಷದ ಹಿಂದೆ ಸಮಿತಿಯ ಸದಸ್ಯರೊಬ್ಬರು ಕೊರವಂಗಲದ ಬೂಚೇಶ್ವರ ದೇವಸ್ಥಾನದಲ್ಲಿ ಅಭಿಷೇಕ ಮಾಡಿಸಿದರು. ಉಸ್ತುವಾರಿ ನನ್ನದು, ಓಲಗ ಚೆಲುವಯ್ಯನದು. ಪೂಜೆ ಮುಗಿದು ಎಲ್ಲರೂ ಹೊರಗೆ ಊಟಕ್ಕೆ ಕೂತಾಗ ಅವನು ಒಳಗೆ ಒಬ್ಬನೇ ನುಡಿಸುತ್ತ ಉಳಿದ. ನಾನು ಮೊಸರಿಗೆ ನೀರು ಬೆರೆಸಿದ್ದೀಯ ಎಂದು ಪಕ್ಕದ ಊರು ದುದ್ದದಿಂದ ಮೊಸರು ತಂದವನ ಜೊತೆ ಜಗಳಕ್ಕೆ ನಿಂತಿದ್ದೆ. ಶಿಲ್ಪ ನೋಡಲು ಬಂದಿದ್ದ ಒಬ್ಬ ವಿದೇಶಿ ಹೆಂಗಸು ಕಂಬಕ್ಕೊರಗಿ ಕೂತು, ಅಂಗೈಯಷ್ಟು ದೊಡ್ಡದೊಂದು ಯಂತ್ರದಲ್ಲಿ ಎಲ್ಲವನ್ನೂ ಧ್ವನಿಮುದ್ರಿಸಿಕೊಂಡಳು. ಜೊತೆಯಲ್ಲಿ ಹಾಸನದ ಒಂದು ಹುಡುಗಿ ಮಾತು ಅನುವಾದಿಸುತ್ತಿದ್ದಳು. ಆಮೇಲೆ ಅವರು ಚೆಲುವಯ್ಯನ ವಿಳಾಸ ಕೇಳಿದಾಗ ನಾನು ನಡುವೆ ನುಗ್ಗಿ ನನ್ನ ಅಂಗಡಿಯ ವಿಳಾಸ ಬರೆದುಕೊಟ್ಟೆ. ಅವನ ಕಾಗದಪತ್ರವೆಲ್ಲ ಹೇಗಿದ್ದರೂ ನನ್ನ ಕೈಲೇ ನಡೆಯುತ್ತಿತ್ತು.

ಎಂಟು ತಿಂಗಳ ಮೇಲೆ ಯೂರೋಪಿನಿಂದ ರಿಜಿಸ್ಟರ್ಡ್ ಲಕೋಟೆ ಬಂತು. ಬೇರೆ ಬೇರೆ ದೇಶಗಳ ಶಾಸ್ತ್ರೀಯ ಸಂಗೀತದಲ್ಲಿ ದೊಡ್ಡ ಸಾಧನೆ ಮಾಡಿದವರಿಗೆ ಕೊಡುವ ಒಂದು ಪ್ರಶಸ್ತಿ. ಈ ಸಲ ಶ್ರೀ ಚೆಲುವಯ್ಯನವರಿಗೆ ಕೊಡಬೇಕೆಂದು ತೀರ್ಪುಗಾರರು ನಿರ್ಧರಿಸಿದ್ದಾರೆ, ಒಪ್ಪಿಗೆಯ ಸಹಿ ಹಾಕಿ ಇಂಥ ತಾರೀಕಿನೊಳಗೆ ಕಳಿಸಬೇಕು ಎಂದಿತ್ತು.

ನಾನು ಆ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದೆ. ಭೂಗೋಳವಿಲ್ಲ. ಶುಲ್ಕ ಕೇಳಿಲ್ಲ, ಅಂದರೆ ಆಮೇಲೆ ಕೇಳುತ್ತಾರೆ. ಎಲ್ಲಕ್ಕಿಂತ ಹೆಚ್ಚು ಅನುಮಾನ ಹುಟ್ಟಿಸಿದ್ದು ಅದರ ಒಕ್ಕಣೆ. ಒಂದು ಹೊಗಳಿಕೆಯೂ ಇರಲಿಲ್ಲ. ಧ್ರುವತಾರೆ ಇಲ್ಲ, ಸಾಕಾರಮೂರ್ತಿ ಇಲ್ಲ. ಬದಲಿಗೆ ಬಸ್ಸಿನ ಹಾರನ್ನು, ಪಾರಿವಾಳ ಎಂದೇನೋ ಬರೆದಿದ್ದರು. ಸನ್ಮಾನ ಮಾಡುವವರು ಯಾರಾದರೂ ಹೀಗೆ ಬರೆಯುತ್ತಾರೆಯೇ? ಇದು ಅಪ್ಪಟ ಮೋಸ ಎಂದು ತೀರ್ಮಾನಿಸಿದೆ. ಬಿನ್ನವತ್ತಳೆಯ ವಿಷಯದಲ್ಲಿ ನನಗಿಂತ ತಿಳಿದವರು ನಮ್ಮ ತಾಲ್ಲೂಕಿನಲ್ಲಿ ಇರಲಿಲ್ಲ.

ಚೆಲುವಯ್ಯನಿಗೆ ಫೋನ್ ಮಾಡಿದೆ. "ನಿನ್ನ ಹೆಸರಿಗೆ ಫಾರಿನ್ನಿನಿಂದ ಒಂದು ಮೋಸದ ಕಾಗದ ಬಂದಿದೆ ಕಣೋ. ಫೋನ್ ಬಂದರೆ ಎತ್ತಬೇಡ. ಓಟಿಪಿ ಕೇಳಿದರೆ ಹೇಳಬೇಡ."

"ಓಟಿಪಿ ಅಂದ್ರೆ ಏನು ಅಂತ್ಲೇ ನಂಗೊತ್ತಿಲ್ಲ, ಇನ್ನೇನ್ ಏಳ್ಲಿ ಸಾಮಣ್ಣೋರೆ? ನೀವ್ ಅಂಗಂದ್ಮೇಲೆ ಮುಗೀತು ಬುಡಿ."

ಅಷ್ಟಕ್ಕೇ ಬಿಟ್ಟಿದ್ದರೆ ನಾನು ಬರೀ ಪೆದ್ದನಾಗಿ ಉಳಿಯುತ್ತಿದ್ದೆ. ಕಳ್ಳರನ್ನು ಹಿಡಿಯಬೇಕೆಂಬ ಹುಮ್ಮಸ್ಸು ಬಂತು. ಒಂದು ಉಪಾಯ ಹೂಡಿದೆ. ನನ್ನ ಹಳೆಯ ಬಿನ್ನವತ್ತಳೆಯನ್ನು ಇಂಗ್ಲಿಷಿಗೆ ತಿರುಗಿಸಿ, ಖಾಲಿ ಜಾಗದಲ್ಲಿ ಗಾಯನ ವಿದ್ವಾನ್ ಶಾಮಣ್ಣ ಎಂದು ನನ್ನ ಹೆಸರನ್ನೇ ತುಂಬಿ ಆ ವಿಳಾಸಕ್ಕೆ ಕಳಿಸಿದೆ. ಬಚ್ಚಲಲ್ಲಿ ಕೂಡ ತಾಳ ತಪ್ಪುವ ನನಗೆ ಇವರು ಪ್ರಶಸ್ತಿ ಕೊಟ್ಟರೆ ಮೋಸಗಾರರೆಂದು ಸಾಬೀತಾಗುತ್ತದಲ್ಲ!

ಇನ್ನು ಮುಂದಿನದು ಹೇಳಲು ನಾಚಿಕೆ. ಕಾಗದ ಹಾಕಿ ಒಂದು ವಾರ ನಗುತ್ತಿದ್ದೆ. ಎರಡನೆಯ ವಾರ ಅಂಚೆಯವನ ದಾರಿ ನೋಡತೊಡಗಿದೆ. ಮೂರನೆಯ ವಾರ, ಪದ್ಮ ಸಂತೆಗೆ ಹೋಗಿದ್ದಾಗ, ಅಟ್ಟದಿಂದ ಪೇಟ ಇಳಿಸಿ ಕನ್ನಡಿಯ ಮುಂದೆ ಇಟ್ಟುಕೊಂಡು ನೋಡಿದೆ. ಬಲಗಡೆಯಿಂದ ಚೆನ್ನಾಗಿ ಕಾಣುತ್ತಿತ್ತು.

ಉತ್ತರ ಇಮೇಲಿನಲ್ಲಿ ಬಂತು. ನಾಲ್ಕೇ ಸಾಲು. ನಿಮ್ಮ ಪತ್ರಕ್ಕೆ ವಂದನೆ. ಈ ಪ್ರಶಸ್ತಿಗೆ ಯಾರೂ ಅರ್ಜಿ ಹಾಕುವಂತಿಲ್ಲ. ಶ್ರೀ ಚೆಲುವಯ್ಯನವರಿಗೆ ನಿಮ್ಮ ವಿಳಾಸದಲ್ಲೇ ಬರೆದಿದ್ದೆವು, ಅವರ ಸಹಿ ಇನ್ನೂ ತಲುಪಿಲ್ಲ. ಇನ್ನು ಇಪ್ಪತ್ತು ದಿನವಿದೆ, ದಯವಿಟ್ಟು ಅವರಿಗೆ ತಿಳಿಸುವಿರಾ?

ಮೋಸಗಾರರಾಗಿದ್ದರೆ ನನ್ನನ್ನು ಬಿಡುತ್ತಿರಲಿಲ್ಲ. ಓದಿದ ಕೂಡಲೇ ಗೊತ್ತಾಯಿತು, ಇದು ನಿಜ. ಇನ್ನೂ ಇಪ್ಪತ್ತು ದಿನಗಳಿದ್ದವು. ಅರಕಲಗೂಡಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ನಾನು ಹೋಗಲಿಲ್ಲ. ಹೇಳಿದರೆ ನನ್ನ ಕಾಗದದ ಕಥೆಯೂ ಹೊರಬರುತ್ತದೆ ಎಂಬ ಹೆದರಿಕೆ ಇತ್ತು, ನಿಜ. ಅದರ ಕೆಳಗೆ ಇನ್ನೊಂದಿತ್ತು. ಚಪ್ಪಲಿಗಳ ಹತ್ತಿರ ಕೂರುವವನಿಗೆ ಇದು ಹೇಗೆ ಬಂತು? ನನ್ನ ಅನುಮಾನವೆಲ್ಲ ಮೊದಲಿನಿಂದಲೂ ಅದೇ ಆಗಿತ್ತು. ಕಾಗದದ ಮೇಲಲ್ಲ, ಅವನ ಮೇಲೆ.

ಕೊನೆಗೆ ಹಾಸನದ ಆ ಹುಡುಗಿಯೇ ಅಂಗಡಿಯ ಫೋನಿಗೆ ಕರೆ ಮಾಡಿದಳು. "ಸರ್, ಚೆಲುವಯ್ಯ ಸರ್ ಫೋನ್ ಎತ್ತುತ್ತಾ ಇಲ್ಲ. ಅವರಿಗೆ ಪ್ರಶಸ್ತಿ ಬೇಡವಂತಾ?"

"ಹೌದಮ್ಮ. ಅವನಿಗೆ ಅದೆಲ್ಲ ಇಷ್ಟವಿಲ್ಲ" ಎಂದೆ.

ಆ ವರ್ಷದ ಪ್ರಶಸ್ತಿ ಬೇರೆ ಯಾವುದೋ ದೇಶದವರಿಗೆ ಹೋಯಿತು ಎಂದು ಆಮೇಲೆ ನನ್ನದೇ ಅಂಗಡಿಯ ಕಂಪ್ಯೂಟರಿನಲ್ಲಿ ನೋಡಿದೆ.

ಒಂದು ವರ್ಷಕ್ಕೂ ಹೆಚ್ಚು ಕಾಲ ಸುಮ್ಮನಿದ್ದೆ. ಈಗ ಭಾನುವಾರ ನಾನು ಪೇಟ ಹಾಕಿಕೊಂಡು ಕುರ್ಚಿಯ ಮೇಲೆ ಕೂರಬೇಕು, ಅವನು ಬಾಗಿಲಲ್ಲಿ ನಿಂತು ನನ್ನನ್ನು ಊದಿ ಒಳಗೆ ಕಳಿಸಬೇಕು. ಅಷ್ಟು ಕಲ್ಲೆದೆ ನನ್ನದಲ್ಲವೆಂದು ಗೊತ್ತಾಯಿತು. ಬುಧವಾರ ಬೆಳಿಗ್ಗೆ ಪೇಟದ ಡಬ್ಬವನ್ನೂ ಆ ಕಾಗದವನ್ನೂ ಚೀಲಕ್ಕೆ ಹಾಕಿಕೊಂಡು ಅರಕಲಗೂಡಿನ ಬಸ್ ಹತ್ತಿದೆ.

ಚೆಲುವಯ್ಯ ಜಗುಲಿಯ ಮೇಲೆ ಕೂತು ಬ್ಲೇಡಿನಿಂದ ಪೀಪಿ ಹೆರೆಯುತ್ತಿದ್ದ.

"ಅಯ್ಯೋ, ಬನ್ನಿ ಸಾಮಣ್ಣೋರೆ! ಬಾನ್ವಾರ ನಾನೇ ಬತ್ತಿದ್ನಲ್ಲ. ಸನ್ಮಾನ್ದೋರು ನೀವ್ಯಾಕೆ ಬಸ್ನಾಗೆ ಬಂದ್ರಿ? ಲೇ ಪುಟ್ಟಮ್ಮ, ಕಾಪಿ ಮಾಡು."

"ಕಾಫಿ ಆಮೇಲೆ. ಮೊದಲು ಒಂದು ಮಾತು ಕೇಳು."

ಹೇಳಿದೆ. ಲಕೋಟೆ, ನನ್ನ ಉಪಾಯ, ಕನ್ನಡಿ, ಇಪ್ಪತ್ತು ದಿನ, ಹುಡುಗಿಗೆ ಹೇಳಿದ ಸುಳ್ಳು. ಕನ್ನಡಿಯ ವಿಷಯ ಹೇಳಬೇಕಾಗಿರಲಿಲ್ಲ, ಆದರೂ ಬಾಯಿಗೆ ಬಂತು. ಅವನು ಒಮ್ಮೆಯೂ ತಲೆ ಎತ್ತಲಿಲ್ಲ. ಬ್ಲೇಡು ಮಾತ್ರ ನಿಂತಿತ್ತು. ಕಾಫಿ ಹಿಡಿದು ಬಾಗಿಲಿಗೆ ಬಂದ ಪುಟ್ಟಮ್ಮ ಅಲ್ಲೇ ನಿಂತಳು.

"ಓದಿರೋರು ಅಂತ ನಂಬಿದ್ವಲ್ಲ ನಿಮ್ಮ" ಎಂದಳು. "ನಮ್ಮೆಜಮಾನ್ರು ನಿಮ್ ಮಾತ್ ಕಟ್ಕಂಡು ಮಗಳ ಫೋನೂ ಎತ್ತಿಲ್ಲ ಎಲ್ಡ್ ದಿನ. ಒಸ ನಂಬರ್ ತಕ್ಕಂಡಿದ್ಲು ಅವ್ಳು. ಎರಿಗೆ ನೋವು ಅಂತ ಆಸ್ಪತ್ರೆಯಿಂದ ಮಾಡಿದ್ಲು."

ಇದು ನನಗೆ ಗೊತ್ತಿರಲಿಲ್ಲ.

"ಲೇ, ಸುಮ್ಕಿರು" ಎಂದ ಚೆಲುವಯ್ಯ. ಆಮೇಲೆ ನನ್ನ ಕಡೆ ತಿರುಗಿ, "ಕಾಗ್ದ ಐತಾ?"

"ಇದೆ."

"ಓದಿ. ಕನ್ನಡದಾಗೆ ಏಳಿ."

ಓದಿದೆ. ನನ್ನ ಜೀವಮಾನದಲ್ಲಿ ನೂರಾರು ಬಿನ್ನವತ್ತಳೆ ಓದಿದ್ದೇನೆ, ಯಾವುದನ್ನೂ ಹೀಗೆ ಒಂದೊಂದೇ ಮಾತು ನೋಡಿಕೊಂಡು ಓದಿರಲಿಲ್ಲ. ಕಾಗದದಲ್ಲಿ ಇದ್ದದ್ದು ಇದು: ಆ ಮಧ್ಯಾಹ್ನ ನೀವು ನುಡಿಸುತ್ತಿದ್ದಾಗ ರಸ್ತೆಯಲ್ಲಿ ಬಸ್ಸು ಹಾರನ್ ಮಾಡಿತು. ನೀವು ನಿಲ್ಲಿಸಿ, ನಕ್ಕು, ಆ ಹಾರನ್ನಿನ ಸ್ವರವನ್ನೇ ಹಿಡಿದು ಅಲ್ಲಿಂದ ಮತ್ತೆ ರಾಗಕ್ಕೆ ಬಂದಿರಿ. ಬಯಲಿಗೆಲ್ಲ ಕೇಳಿಸಬೇಕಾದ ವಾದ್ಯವನ್ನು ಪಿಸುಮಾತಿನಷ್ಟು ಮೆತ್ತಗೆ ನುಡಿಸಿದಿರಿ. ಮೇಲೆ ಕೂತಿದ್ದ ಪಾರಿವಾಳಗಳು ಕೂಡ ಹಾರಲಿಲ್ಲ. ಹಾಗೆ ನುಡಿಸಬಲ್ಲವರನ್ನು ನಾವು ಬೇರೆಲ್ಲೂ ಕೇಳಿಲ್ಲ.

"ಪಾರಿವಾಳ ಅಲ್ಲ ಅದು, ಬಾವ್ಲಿ" ಎಂದ ಚೆಲುವಯ್ಯ. "ಅವಮ್ಮಂಗೇನ್ ಗೊತ್ತು, ಪಾಪ."

"ಅಷ್ಟು ಮೆತ್ತಗೆ ಯಾಕೆ ನುಡಿಸಿದೆ?"

"ನಮ್ಮ ಡೋಲಿನವ್ನ ಮೊಮ್ಮಗ ಕಂಬದತ್ರ ಮಲ್ಗಿತ್ತು. ಎದ್ರೆ ಅಳ್ತದೆ ಅಂತ." ಬ್ಲೇಡನ್ನು ಪಕ್ಕಕ್ಕಿಟ್ಟು, "ಇನ್ನೊಂದ್ಸಲ ಓದಿ" ಎಂದ.

ಓದಿದೆ. ಮುಗಿದಾಗ ಅವನು ಬೀದಿಯ ಕಡೆ ನೋಡುತ್ತಿದ್ದ.

"ಕೇಳುಸ್ಕಂಡವ್ಳೆ" ಎಂದ. "ಆರನ್ನೂ ಕೇಳುಸ್ಕಂಡವ್ಳೆ. ನೀವೂ ಅಲ್ಲೇ ಇದ್ರಿ ಅಲ್ವರಾ?"

"ಇದ್ದೆ. ಮೊಸರಿನವನ ಜೊತೆ ಜಗಳ ಆಡ್ತಿದ್ದೆ."

"ಊಂ. ಅದೂ ಕೇಳುಸ್ತಿತ್ತು ನಂಗೆ."

ಇನ್ನು ತಡೆಯಲಾಗಲಿಲ್ಲ. ಚೀಲದಿಂದ ಪೇಟ ತೆಗೆದು ಎರಡೂ ಕೈಯಲ್ಲಿ ಹಿಡಿದು, "ಭಾನುವಾರ ಇದು ನಿನ್ನ ತಲೆಗೆ ಕಣೋ. ಯೋಗೀಶನಿಗೆ ನಾನು ಹೇಳುತ್ತೇನೆ. ಇನ್ನು ಇದನ್ನು ಯಾರೂ ವಾಪಸ್ಸು ಕೇಳುವುದಿಲ್ಲ" ಎಂದೆ.

ಚೆಲುವಯ್ಯ ಅದನ್ನು ತೆಗೆದುಕೊಂಡು, ತಿರುಗಿಸಿ ನೋಡಿ, ಮೂಸಿ, ಡಬ್ಬದಲ್ಲಿಟ್ಟು ಮುಚ್ಚಳ ಮುಚ್ಚಿದ. ಡಬ್ಬವನ್ನು ನನ್ನ ತೊಡೆಯ ಮೇಲಿಟ್ಟ.

"ಇದ ನೀವೇ ತಕ್ಕಂಡೋಗಿ. ಬಾನ್ವಾರಕ್ಕೆ ನಿಮಗ್ ಬೇಕಾಯ್ತದೆ. ಒಪ್ಕಂಡಿವ್ನಿ, ಬಂದು ಊದ್ಕೊಡ್ತೀನಿ. ನಮ್ಮಪ್ಪನ ಮುಂದೆ ಉಣ್ಸೆಕಾಯಿ ತಿಂದ್ರಲ್ಲ, ಅವತ್ತೂ ಅವ್ನು ಊದಾದು ನಿಲ್ಸಿಲ್ಲ." ಆಮೇಲೆ ನನ್ನ ಕೈಯಿಂದ ಕಾಗದವನ್ನು ಮೆಲ್ಲಗೆ ಬಿಡಿಸಿಕೊಂಡ. "ಇದು ಮಾತ್ರ ಇಲ್ಲೇ ಇರ್ಲಿ."

ಕಾಫಿಯ ಲೋಟ ಪುಟ್ಟಮ್ಮನ ಕೈಯಲ್ಲೇ ಇತ್ತು. ಅವಳು ಕೊಡಲಿಲ್ಲ, ನಾನು ಕೇಳಲಿಲ್ಲ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಪಕ್ಕದವನು ಡಬ್ಬ ನೋಡಿ ಕೇಳಿದ, "ಯಾರ್ಗೆ ಸಾ ಸನ್ಮಾನ?" ನಾನು ಕಿಟಕಿಯ ಕಡೆ ತಿರುಗಿಕೊಂಡೆ. ಈ ಪೇಟವನ್ನು ಎಷ್ಟೋ ತಲೆಗಳಿಂದ ಕಿತ್ತುಕೊಂಡು ಬಂದಿದ್ದೇನೆ. ತಾನಾಗಿ ವಾಪಸ್ಸು ಕೊಟ್ಟವನು ಇವನೊಬ್ಬನೇ.

ಹೀಗೆ ತಪ್ಪೊಪ್ಪಿಕೊಂಡು ಬರೆಯುತ್ತಿರುವುದರ ಮೇಲೂ ನನಗೆ ಅನುಮಾನವಿದೆ. ಎಷ್ಟು ಒಳ್ಳೆಯವನಾಗಿಬಿಟ್ಟ ಎಂದು ನೀವು ಅಂದುಕೊಳ್ಳಲಿ ಎಂದು ಬರೆಯುತ್ತಿದ್ದೇನೋ ಏನೋ. ನನ್ನನ್ನು ಬಲ್ಲ ನಾನು ಅದನ್ನು ಅಲ್ಲಗಳೆಯಲಾರೆ. ಹಾಸನದ ಹುಡುಗಿಗೆ ನಿನ್ನೆ ಫೋನ್ ಮಾಡಿ ನಿಜ ಹೇಳಿದೆ. "ಯಾಕೆ ಸರ್ ಹೀಗೆ ಮಾಡಿದಿರಿ?" ಎಂದು ಕೇಳಿದಳು. ಅವನಿಗೆ ಇನ್ನೊಮ್ಮೆ ಕೊಡುತ್ತಾರೆಯೇ ಎಂದು ನಾನು ಕೇಳಿದೆ. ಬೇರೆಯವರಿಗೆ ಕೊಟ್ಟ ಮೇಲೆ ಆ ವರ್ಷದ್ದು ಮುಗಿಯಿತಂತೆ, ಮತ್ತೆ ಕೊಡುವ ಪದ್ಧತಿ ಇಲ್ಲವಂತೆ.

ಭಾನುವಾರ ವೇದಿಕೆಯ ಮೇಲೆ ನನ್ನ ಬಿನ್ನವತ್ತಳೆ ಓದಬೇಕು. ನೀವೇ ಬರ್ಕೊಂಬಿಡಿ ಎಂದಿದ್ದ ಯೋಗೀಶ. ಬರೆದಿದ್ದೇನೆ, ಇಷ್ಟು ಹೊತ್ತು ನೀವು ಓದಿದ್ದು ಅದನ್ನೇ. ಓದುವಾಗ ಬಾಗಿಲು ತೆರೆದಿರಲಿ, ಹೊರಗೆ ಚಪ್ಪಲಿಗಳ ಹತ್ತಿರ ಕೂತವನಿಗೂ ಕೇಳಿಸಲಿ ಎಂದು ಹೇಳಿದ್ದೇನೆ. ಈ ಸಲ ಹೆಸರಿನ ಜಾಗ ಖಾಲಿ ಬಿಟ್ಟಿಲ್ಲ.